ಎರಡನೆಯ ಸಲ ಕೇಳುವವರು

ಶಿವರಾಜಪ್ಪನಿಗೆ ಒಂದು ರೋಗವಿತ್ತು. ಯಾರಾದರೂ ಹೊಗಳಿದರೆ ಮೈಮೇಲೆ ಇರುವೆ ಹರಿದವರ ಹಾಗೆ ಒದ್ದಾಡಿ, "ನಂದೇನದರಿ ಇದರಾಗ" ಎಂದು ಕೈಬೀಸಿಬಿಡುತ್ತಿದ್ದ. ಎದುರಿನವರು "ಹಾಂಗ ಹ್ಯಾಂಗಂತೀರಿ, ಎಲ್ಲಾ ನಿಮ್ಮದೇ" ಎಂದು ಎರಡನೆಯ ಸಲ ಒತ್ತಾಯಿಸಬೇಕು. ಆಮೇಲೆ ಇವನು ತಲೆ ತಗ್ಗಿಸಿ ನಕ್ಕು ಒಪ್ಪಿಕೊಳ್ಳಬೇಕು. ಭಾಲ್ಕಿಯ ಕಡೆ ಒಂದು ಕಪ್ ಚಹಾಕ್ಕೂ ಇಷ್ಟು ಉಪಚಾರ ಉಂಟು. ಮೊದಲ ಸಲಕ್ಕೇ ಹೂಂ ಅನ್ನಲು ನಾಚಿಕೆ, ಎರಡನೆಯ ಸಲ ಯಾರೂ ಕೇಳದಿದ್ದರೆ ಅವಮಾನ.

ಹಲಬರ್ಗಾ ರಸ್ತೆಯಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಅದರ ಹಿಂದೆ ಅಮೀರ ಪಾಶಾನ ಖಾಲಿ ಜಾಗ. ಅಲ್ಲಿ ಹದಿನಾಲ್ಕು ವರ್ಷಗಳಿಂದ, ಸಂಜೆಯಾದರೆ ಸಾಕು, ಶಿವರಾಜಪ್ಪ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ. ಒಡೆದ ಚೆಂಡಿಗೆ ತಾನೇ ತೇಪೆ ಹಾಕುತ್ತಿದ್ದ, ಹಳೆಯ ಟೈರು ಸಾಲಾಗಿಟ್ಟು ಅವುಗಳ ನಡುವೆ ಓಡಿಸುತ್ತಿದ್ದ. ಔರಾದಿನಿಂದ ಬಂದು ಭಾಲ್ಕಿಯ ಹಾಸ್ಟೆಲಿನಲ್ಲಿದ್ದ ನಾಗಸೇನ ಆಟ ಕಲಿತದ್ದು ಅಲ್ಲೇ. ಆ ಹುಡುಗನ ಎಡಗಾಲು ನಿಲ್ಲುವುದಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬರುತ್ತಿರಲಿಲ್ಲ. ಶಿವರಾಜಪ್ಪ ಅವನ ಬಲಗಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, "ಇದು ಇವತ್ತ ರಜಾದ ಮ್ಯಾಲ ಅದ, ಚೆಂಡು ಮುಟ್ಟಂಗಿಲ್ಲ" ಎಂದಿದ್ದ. ಆ ಕಾಲು ಎರಡು ವರ್ಷ ರಜೆಯ ಮೇಲೆಯೇ ಇತ್ತು. ಈಗ ಅದೇ ಎಡಗಾಲಿನ ಹೊಡೆತ ನೋಡಿ ದೊಡ್ಡದೊಂದು ಕ್ಲಬ್ಬು ನಾಗಸೇನನನ್ನು ಕೊಂಡಿತ್ತು. ಒಂದು ಪಂದ್ಯದ ದೀಪಕ್ಕೆ ಆ ಕ್ಲಬ್ಬು ಸುಡುವ ದುಡ್ಡಿನಲ್ಲಿ ಭಾಲ್ಕಿಯ ಮಕ್ಕಳು ಹತ್ತು ವರ್ಷ ಆಡಬಹುದಿತ್ತು.

ಆ ಹೊತ್ತಿಗೇ ಅಮೀರ ಪಾಶಾ ಜಾಗ ಮಾರಲು ಹೊರಟಿದ್ದ. ತಮ್ಮಂದಿರು ಪಾಲು ಕೇಳಿದ್ದರು. "ಯಾರರ ಗುತ್ತಿಗಿ ಹಿಡಿದ್ರ ಮಾರಂಗಿಲ್ರಿ ಅಣ್ಣಾ" ಎಂದು ಬಾಯಿಬಿಟ್ಟು ಹೇಳಿದ್ದ. ಅಷ್ಟರಲ್ಲಿ ನಾಗಸೇನನ ಫೋನು ಬಂತು. ತನ್ನ ಆಟಗಾರ ಕಲಿತ ಮೈದಾನವನ್ನು ಕ್ಲಬ್ಬೇ ಗುತ್ತಿಗೆ ಹಿಡಿದು ನಡೆಸುತ್ತದಂತೆ, ಕ್ಲಬ್ಬಿನವರು ವಿಚಾರಿಸಲು ಬರುತ್ತಾರಂತೆ. ಶಿವರಾಜಪ್ಪನ ಹೆಂಡತಿ ಬಸವೇಶ್ವರಿ ಗಂಡನ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. "ಒಂದ್ ಸಲರ 'ನಾನೇ ಕಲಿಸೀನಿ' ಅನ್ರಿ" ಎಂದು ಬಾಗಿಲ ತನಕ ಬಂದು ಹೇಳಿದಳು.

ಬೀದರಿನ ಮೈಲೂರಿನಲ್ಲಿ, ನಾಗಸೇನನ ಚಿಕ್ಕಪ್ಪನ ಮನೆಯಲ್ಲಿ ಭೇಟಿ. ಕ್ಲಬ್ಬಿನಿಂದ ಬಂದವನ ಹೆಸರು ಗುಲಶನ, ಬೆಂಗಳೂರಿನಲ್ಲಿ ಬೆಳೆದ ಹುಡುಗ, ಮರ್ಯಾದಸ್ಥ. ಮಡಿಲಲ್ಲಿ ಮೈದಾನದ ಗುತ್ತಿಗೆಯ ಅರ್ಜಿಯಿಟ್ಟುಕೊಂಡು ಕೇಳಿದ.

"ಹೇಳಿ ಸರ್, ನಾಗಸೇನನಿಗೆ ಆಟ ಕಲಿಸಿದ್ದು ಯಾರು?"

ಶಿವರಾಜಪ್ಪನ ಮೈಮೇಲೆ ಇರುವೆ ಹರಿದವು. "ಕಲಿಸೂದೇನದರಿ, ಎಲ್ಲಾ ಅವಂದೇ ಮೆಹನತ್ತು, ಅವಂದೇ ದುಡಿಮಿ. ನಾ ಸುಮ್ಮ ಕುಂತು ನೋಡಿದವ" ಎಂದ. ಎಂದು ಕಾದ. ಇನ್ನೊಂದು ಸಲ ಕೇಳಲಿ, ಹೇಳಿಬಿಡುತ್ತೇನೆ ಎಂದುಕೊಂಡ. ಗುಲಶನ ಬರೆದುಕೊಂಡು ಹಾಳೆ ತಿರುಗಿಸಿದ. ಮೂಲೆಯಲ್ಲಿ ಕೂತಿದ್ದ ನಾಗಸೇನ ತಲೆಯೆತ್ತಿ ನೋಡಿದ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಅವನಿಗೆ ಕಲಿಸಿದವನೂ ಶಿವರಾಜಪ್ಪನೇ. ಕೊನೆಗೆ ತೋರಿಸಿದ ಜಾಗದಲ್ಲಿ ಶಿವರಾಜಪ್ಪ ಸಹಿ ಹಾಕಿ ಬಂದ.

ತಿಂಗಳಾದ ಮೇಲೆ ಕ್ಲಬ್ಬಿನ ವಿಡಿಯೋ ಬಂತು. ಮಕ್ಕಳೆಲ್ಲ ಅಂಗಡಿಯಲ್ಲಿ ಒಂದೇ ಮೊಬೈಲಿಗೆ ಮುಗಿಬಿದ್ದರು. ಹೊಸ ಜೆರ್ಸಿಯ ನಾಗಸೇನ ಹೇಳುತ್ತಿದ್ದ: ನನಗೆ ಯಾರೂ ಕಲಿಸಿಲ್ಲ, ಎಡಗಾಲು ಹುಟ್ಟಿನಿಂದಲೇ ಬಂದದ್ದು. ಹತ್ತು ವರ್ಷದ ಆಮ್ರಪಾಲಿ, ಮೊನ್ನೆಯಷ್ಟೇ ಬಲಗಾಲಿಗೆ ಟ್ಯೂಬು ಸುತ್ತಿಸಿಕೊಂಡವಳು, "ಹೌದೇನ್ರಿ ಕಾಕಾ?" ಎಂದು ಕೇಳಿದಳು. ಶಿವರಾಜಪ್ಪ ಚೆಂಡಿಗೆ ಗಾಳಿ ಹೊಡೆಯುತ್ತ ಕೂತ.

ಬಸವೇಶ್ವರಿಯ ಕಾಟಕ್ಕೆ ಗುಲಶನನಿಗೆ ಫೋನು ಮಾಡಿದ. "ನೀವೇ ಹಾಗೆ ಹೇಳಿದ್ದಲ್ಲವಾ ಸರ್? ಕಲಿಸಿದವರೇ ಇಲ್ಲ ಅಂದ ಮೇಲೆ ಗುತ್ತಿಗೆ ನಿಂತುಹೋಯಿತು. ಪರವಾಗಿಲ್ಲ, ನಾಗಸೇನ್ ಒಂದು ಪತ್ರ ಬರೆದುಕೊಟ್ಟರೆ ಈಗಲೂ ತಿದ್ದಬಹುದು" ಎಂದ ಅವನು. ಪಾಪ, ಅವನನ್ನು ಬೈಯಲಿಕ್ಕೂ ಬರುವಂತಿರಲಿಲ್ಲ.

ನಾಗಸೇನ ಮೊದಲ ರಿಂಗಿಗೇ ಫೋನೆತ್ತಿದ. ವಿಷಯ ಪೂರ್ತಿ ಕೇಳಿದ.

"ಬರ್ದು ಕೊಡ್ತೇನ್ರಿ ಕಾಕಾ. ಆದ್ರ ವಿಡಿಯೋದಾಗ ಅವರು ಹ್ಯಾಂಗ ಹೇಳು ಅಂದ್ರು ಹಾಂಗ ಹೇಳೀನಿ. ಈಗ ತಿರುಗಿ ಮಾತಾಡಿದ್ರ, ಹೊಸಾ ಜಾಗಾ, ಏನಂತಾರೋ."

"ನಿನಗ ತ್ರಾಸ ಆಗ್ತದಂದ್ರ ಬ್ಯಾಡ ಬಿಡೋ" ಎಂದ ಶಿವರಾಜಪ್ಪ.

ಎಂದು ಕಾದ. ಔರಾದಿನ ಹುಡುಗ, ಆರು ವರ್ಷ ತನ್ನ ಮನೆಯ ರೊಟ್ಟಿ ತಿಂದವನು, "ಹಾಂಗ ಹ್ಯಾಂಗಂತೀರಿ ಕಾಕಾ" ಅನ್ನದೇ ಇರುವುದಿಲ್ಲ ಎಂದು ಕಿವಿಗೆ ಫೋನೊತ್ತಿ ಕಾದ.

"ಆಯ್ತು ಸರ್" ಎಂದ ನಾಗಸೇನ. ಫೋನು ಕಟ್ಟಾಯಿತು.

ಮರುದಿನ ಸಂಜೆ ಅಮೀರ ಪಾಶಾ ಮೈದಾನಕ್ಕೆ ಬಂದ. ಜಾಗ ಮಾರಿಹೋಗಿತ್ತು. ಹೇಳಲಾರದೆ ಚಪ್ಪಲಿಯಿಂದ ಮಣ್ಣು ಕೆದಕುತ್ತ ನಿಂತ.

"ಸೋಮವಾರ ಕಲ್ಲು ನೆಡವ್ರು ಬರ್ತಾರ್ರಿ. ನಾ ಅವ್ರಿಗಿ ಹೇಳ್ತೇನಿ, ಈ ತಿಂಗಳು ಮುಗಿಯೂತನಕ ಪೋರಗೋಳು ಆಡ್ಲಿ."

"ಬ್ಯಾಡ್ರಿ ಪಾಶಾಭಾಯಿ, ನಿಮಗ್ಯಾಕ ತ್ರಾಸ."

"ಹಾಂಗ ಹ್ಯಾಂಗಂತೀರಿ ಅಣ್ಣಾ. ಎಲ್ಲಾ ನಿಮ್ಮವೇ ಪೋರಗೋಳು. ಆಡ್ಲಿ."

ಶಿವರಾಜಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಟೈರಿನ ಮೇಲೆ ಕುಸಿದು ಕೂತು, ಮಕ್ಕಳೆದುರೇ ಬಿಕ್ಕಿ ಬಿಕ್ಕಿ ಅತ್ತ. ಆಮ್ರಪಾಲಿ ಟ್ಯೂಬಿನ ಪಟ್ಟಿ ಹಿಡಿದುಕೊಂಡು ಎದುರು ಬಂದು ನಿಂತಳು, ಕಟ್ಟಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಎಡಗಾಲು ಪಳಗಲು ಎರಡು ವರ್ಷ ಬೇಕು. ತಿಂಗಳು ಮುಗಿಯಲು ಹತ್ತೊಂಬತ್ತು ದಿನವಿತ್ತು. ಅವನು ಕಣ್ಣೊರೆಸಿಕೊಂಡು ಅವಳ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ, ಪಟ್ಟಿ ಸುತ್ತತೊಡಗಿದ.