ಇದ್ದವರ ಫೋಲ್ಡರ್, ಹೋದವರ ಫೋಲ್ಡರ್

ಸರ್ರಕ್ ಅಂತ ಆ ಕಡೆಗೆ, ಸರ್ರಕ್ ಅಂತ ಈ ಕಡೆಗೆ, ಮಸಿ ಉಗುಳುವ ತಲೆ ಓಡಾಡುತ್ತಿದೆ, ಬಿಳಿ ಫ್ಲೆಕ್ಸು ಬೆರಳಗಲ ಬೆರಳಗಲವಾಗಿ ಕೆಳಗಿಳಿಯುತ್ತಿದೆ, ಮೊದಲು ಮುರುಗನ ವೇಲಾಯುಧದ ತುದಿ, ಆಮೇಲೆ ನವಿಲಿನ ಜುಟ್ಟು, ಈಗ ಯಾರದೋ ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು — ನೋಯುತ್ತಿಲ್ಲ, ನನ್ನಪ್ಪಾ ಬಲಗೈ ಮಣಿಕಟ್ಟೇ, ಫೋಟೋಗಳಿಂದ ಇನ್ನೂರ ಹನ್ನೊಂದು ಮುಖ ಕತ್ತರಿಸಿ ಸಾಲಾಗಿ ನಿಲ್ಲಿಸಿದ ಮೇಲೂ ನೀನು ಕಮಕ್ ಕಿಮಕ್ ಅಂದಿಲ್ಲ, ಹೋದ ತಿಂಗಳವರೆಗೆ ಇಷ್ಟು ಮುಖ ಅಂದರೆ ಎರಡು ದಿನ, ಮೌಸ್ ಒತ್ತಿ ಒತ್ತಿ ಮಣಿಕಟ್ಟು ಹಲಸಿನಹಣ್ಣಿನಷ್ಟು ಊದಿ, ಸರಿ, ಹಲಸಲ್ಲ, ನಿಂಬೆಹಣ್ಣು, ದೊಡ್ಡ ನಿಂಬೆಹಣ್ಣು, ಅನ್ನ ಕಲಸಲಾಗದೆ ಹೆಂಡತಿ ಚಮಚ ಕೊಟ್ಟಳು, ಅಂಗಡಿ ಯಜಮಾನ ಮೊಕ್ಕಸಾಮಿ ಅದನ್ನು ನೋಡಿ, ಕೈ ಬಿದ್ದೋಗಿದ್ರೆ ಹೇಳಪ್ಪಾ ಇರುಳಾಂಡಿ, ಚೌಕಟ್ಟಿಗೆ ಮೊಳೆ ಹೊಡ್ಕೊಂಡಿರು ಅಂದ, ಉಸಿಲಂಪಟ್ಟಿಯ ಅರ್ಧ ಊರಿನ ಮದುವೆ ಮುಂಜಿ ಸಾವು ಎಲ್ಲವನ್ನೂ ಗೋಡೆಗೆ ಏರಿಸಿದ ನಾನು ಮೊಳೆ ಹೊಡೆಯಬೇಕಂತೆ. ಆವತ್ತು ನೋಡಿ ರಸ್ತೆ ದಾಟಿದ್ದು, ಎದುರಿನ ಟೈಪಿಂಗ್ ಶಾಲೆಗೆ, ಅರುಳ್‌ಮೇರಿ ಟೀಚರ್ ಕನ್ನಡಕ ಕೆಳಗಿಳಿಸಿ ನನ್ನನ್ನೂ ನಿಂಬೆಹಣ್ಣನ್ನೂ ನೋಡಿ, ಎಷ್ಟು ಓದಿದ್ದೀರಣ್ಣಾ ಅಂದರು, ಎಂಟನೇ ಕ್ಲಾಸನ್ನ ಮೂರು ಸಲ ಓದಿದೀನಿ ಅಂದರೆ ಒಟ್ಟು ಇಪ್ಪತ್ನಾಲ್ಕಾಯ್ತಲ್ವಾ ಅಂದೆ, ನಗಲಿಲ್ಲ, ಒಂದು ಹಾಳೆ ಕೊಟ್ಟರು, ನಿಮ್ಮ ಕೈ ದಿನಾ ಏನ್ ಮಾಡತ್ತೋ ಅದನ್ನೇ ಒಂದೊಂದು ಸಾಲಾಗಿ ಬರೀರಿ, ಮನೆಗೆ ಬಂದ ಹೊಸ ಅಳಿಯಂಗೆ ಹೇಳೋ ಹಾಗೆ, ಹೇಳಿದ್ದಷ್ಟೇ ಮಾಡ್ತಾನೆ, ತಲೆ ಓಡಿಸೋದಿಲ್ಲ. ಅಳಿಯಂದಿರ ವಿಷಯ ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟೂ ಗೊತ್ತಾಯಿತು, ಮೊದಲ ವಾರ ಎಲ್ಲಿ ನಿಲ್ಲಬೇಕೆಂದು ಹೇಳುವುದನ್ನೇ ಮರೆತು ಒಬ್ಬ ಪೊಲೀಸಪ್ಪನ ಮುಖ ಕತ್ತರಿಸು ಅಂದದ್ದಕ್ಕೆ ನಾಲ್ಕು ಸಾವಿರ ಪೊಲೀಸಪ್ಪಂದಿರು ಹುಟ್ಟಿದರು, ಕಂಪ್ಯೂಟರಿನ ಹೊಟ್ಟೆ ತುಂಬಿ ತೇಗಿತು, ಮಧುರೆ ಜಿಲ್ಲೆಗೆ ಅಷ್ಟು ಜನ ಪೊಲೀಸರು ಇಲ್ಲ, ಆದರೆ ಮೂರನೇ ವಾರ, ಗುಂಡಿ ಒತ್ತಿ ಟೀ ಕುಡಿಯಲು ಹೋಗಿ ವಾಪಸು ಬಂದರೆ ಎಲ್ಲ ಮುಖವೂ ಸಾಲಾಗಿ, ಹೆಸರಿನ ಸಮೇತ, ಮದುವೆ ಊಟಕ್ಕೆ ಕೂತ ಹಾಗೆ, ನಾನು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ, ಟೀ ಬಿಸಿ ಇತ್ತು ಅಂತ ಮೊಕ್ಕಸಾಮಿಗೆ ಹೇಳಿದೆ.

ಹಣೆ ಬಂತು, ಹುಬ್ಬು ಬಂತು. ಮೇಲಿನ ಸಾಲು ಅಂದರೆ ಹೋದವರ ಸಾಲು, ದೇವರ ಪಕ್ಕದಲ್ಲೇ ಅವರ ಜಾಗ, ಇದ್ದವರ ಫೋಲ್ಡರಿನಲ್ಲಿರುವ ಮುಖಕ್ಕೆಲ್ಲ ಕೈ ಮುಗಿಸು, ಹೋದವರ ಫೋಲ್ಡರಿನಲ್ಲಿರುವ ಮುಖಕ್ಕೆ ಹಾರ ಹಾಕು, ಗಲ್ಲದ ಕೆಳಗೆ ದೀಪ ಹಚ್ಚು, ಹಾಗೆಂದು ಬರೆದವನು ನಾನೇ, ಅಳಿಯ ಚಾಚೂ ತಪ್ಪದೆ ಹಚ್ಚುತ್ತಾನೆ, ಯಾರಿಗೆ ಅಂತ ಕೇಳುವುದಿಲ್ಲ — ನಿಲ್ಲು, ನಾನಾದರೂ ಕೇಳಿದೆನಾ, ಬೆಳಗ್ಗೆ ಒಚ್ಚಮ್ಮಾಳ್ ಫೋನಿನಿಂದ ಎರಡು ಫೋಟೋ ಕೊಟ್ಟಳು, ಇಗೋ ಸ್ಟೂಲಿನ ಮೇಲೆ ಮಡಿಲಲ್ಲಿ ಮಗುವಿನ ಚಿನ್ನದ ಓಲೆಯ ಡಬ್ಬಿ ಇಟ್ಟುಕೊಂಡು ಕೂತಿದ್ದಾಳಲ್ಲ ಅವಳೇ, ಇವತ್ತು ಅವಳ ಮಗನ ಕಿವಿ ಚುಚ್ಚುವ ಶಾಸ್ತ್ರ, ಒಂದು ಅವಳಪ್ಪನದು, ತೀರಿ ಹೋಗಿ ಹದಿನಾಲ್ಕು ವರ್ಷ, ಇನ್ನೊಂದು ಅವಳಣ್ಣ ತವಸಿಯದು, ಮಗುವಿನ ಸೋದರಮಾವ, ಅವನ ತೊಡೆಯ ಮೇಲೆ ಕೂರಿಸಿಕೊಂಡೇ ಕಿವಿ ಚುಚ್ಚಬೇಕು, ಹನ್ನೊಂದು ಗಂಟೆಗೆ ತಮಟೆ, ಹತ್ತು ಕುರಿ, ಲಾರಿ ತುಂಬ ತಟ್ಟೆ ತಾಂಬೂಲ ತರುತ್ತಿದ್ದಾನೆ, ಬೀದಿಯ ಬಾಯಲ್ಲೇ ಮೊದಲು ಕಾಣಬೇಕಾದದ್ದು ಅವನ ಮುಖ. ಎರಡು ಫೋಟೋ, ಒಂದೇ ಮೀಸೆ, ಒಂದೇ ಮೂಗು, ಒಂದೇ ವಯಸ್ಸು, ಅಪ್ಪನೇ ಮಗನಾಗಿ ಮತ್ತೆ ಬಂದು ಕೂತ ಹಾಗೆ, ನಾನು ಅವಳಿಗೆ ನಮ್ಮ ತಾತ ಹೋರಿಯ ಬಾಲ ಹಿಡಿದು ವೈಗೈ ನದಿಯನ್ನು ಹಾರಿದ ಕಥೆ ಹೇಳುತ್ತಾ ಎರಡನ್ನೂ ಫೋಲ್ಡರುಗಳಿಗೆ ಎಳೆದು ಹಾಕಿದೆ, ಯಾವುದನ್ನು ಯಾವುದಕ್ಕೆ, ನೆನಪಾಗು, ತಾತ ನೆನಪಾಗುತ್ತಾನೆ, ಹೋರಿ ನೆನಪಾಗುತ್ತದೆ, ಕೈ ಎತ್ತ ಹೋಯಿತು ನೆನಪಾಗುವುದಿಲ್ಲ, ಪರದೆಯ ಮೇಲೆ ನೋಡಿದ್ದೆ, ಮುಖಗಳು ಕಡಲೆಕಾಳಿನಷ್ಟಿದ್ದವು, ಕಡಲೆಕಾಳಿಗೆ ಮೀಸೆ ಬಂದರೆ ಯಾರ ಮೀಸೆ ಅನ್ನುವುದು. ಈಗ ಮೌಸ್ ಮುಟ್ಟುವ ಹಾಗಿಲ್ಲ, ಈ ಮುದಿ ಕಂಪ್ಯೂಟರ್ ಮುದ್ರಣದ ನಡುವೆ ಮೈ ಮುಟ್ಟಿದರೆ ನಿಂತುಬಿಡುತ್ತದೆ, ಎಲ್ಲರ ಮೂಗಿನ ಮೇಲೂ ಒಂದು ಬಿಳಿ ಗೆರೆ, ಬಾಯಿ ಬಿಟ್ಟು ಕೇಳುವ ಹಾಗೂ ಇಲ್ಲ, ಅಕ್ಕಾ ಇದರಲ್ಲಿ ಸತ್ತವರು ಯಾರು ಅಂತ ಶಾಸ್ತ್ರದ ದಿನ ಅಣ್ಣನ ಮುಖ ತೋರಿಸಿ ಕೇಳಿದರೆ ನನ್ನ ಎಡಗೈಯೂ ನಿಂಬೆಹಣ್ಣು. ಆಚೆ ಹಳ್ಳಿಯಲ್ಲಿ ಹೀಗೇ ಆಗಿತ್ತಂತೆ, ಮಾವ ಬಂದ, ತನ್ನ ಗಲ್ಲದ ಕೆಳಗೆ ಉರಿಯುವ ದೀಪ ನೋಡಿದ, ಕುರಿಗಳನ್ನು ತಿರುಗಿಸಿಕೊಂಡು ಹೊರಟೇ ಹೋದ, ಮಗು ಕಿವಿ ಚುಚ್ಚಿಸಿಕೊಳ್ಳದೆ ಬೆಳೆದು ಮದುವೆಯಾಯಿತಂತೆ, ಅಣ್ಣ ತಂಗಿಗೆ ಇವತ್ತಿಗೂ ಮಾತಿಲ್ಲ.

ಕಣ್ಣು ಬಂತು, ಮೀಸೆ ಬಂತು, ಕೊರಳಲ್ಲಿ ಹಾರ, ಗಲ್ಲದ ಕೆಳಗೆ ದೀಪ, ಹಳದಿ ಹೊಟ್ಟೆ ಕೆಂಪು ತುದಿ, ಎಷ್ಟು ಚೆನ್ನಾಗಿ ಉರಿಯುತ್ತಿದೆ ಪಾಪಿ, ಯಾರಪ್ಪಾ ನೀನು, ಅಪ್ಪನೋ ಅಣ್ಣನೋ, ಕೊನೆಗೆ, ಅಕ್ಕಾ, ಬಣ್ಣ ಸರಿ ಬಂದಿದೆಯಾ ಸ್ವಲ್ಪ ನೋಡ್ತೀರಾ ಅಂದೆ, ಬಣ್ಣ, ಬರೀ ಬಣ್ಣ. ಎದ್ದು ಬಂದಳು. ಬಗ್ಗಿದಳು. ಮಸಿಯ ತಲೆ ಸರ್ರಕ್ ಅಂತ ಆ ಕಡೆ ಹೋಯಿತು, ಸರ್ರಕ್ ಅಂತ ಈ ಕಡೆ ಬಂತು, ದೀಪವನ್ನು ಬೆರಳಿಂದ ಮುಟ್ಟಲು ಹೋದಳು, ಹಸಿ ಇದೆ ಅಂದೆ, ಕೈ ಹಿಂದಕ್ಕೆಳೆದು ಬಹಳ ಮೆಲ್ಲಗೆ, ಬಂದ್ಯಾಪ್ಪಾ, ಮೊಮ್ಮಗನ ಕಿವಿ ಚುಚ್ಚೋಕೆ ನೀನೂ ಬಂದ್ಯಾ ಅಂದಳು. ಅಪ್ಪಾ ಅಂದಳು, ಅಪ್ಪಾ ಅಂತಲೇ ಅಂದಳು, ನಾನು ಮಸಿ ಡಬ್ಬದ ಮೇಲೆ ಕೂತುಬಿಟ್ಟೆ, ಆದರೂ ಒಳಗಿನ ಶನಿ ಬಿಡಲೊಲ್ಲದು, ಅಷ್ಟು ಖಚಿತವಾ, ಹೇಗೆ ಗೊತ್ತಾಯ್ತಕ್ಕಾ, ಇಬ್ಬರೂ ಒಂದೇ ಅಚ್ಚು ಅಂದೆ, ನಕ್ಕಳು, ಕಿವಿ ನೋಡು ಇರುಳಾಂಡಣ್ಣಾ, ಅಪ್ಪನ ಕಿವಿ ಇಡಿಯಾಗಿದೆ, ನಮ್ಮಣ್ಣಂದು ಹರಿದಿದೆ, ಹರಿದೋಳು ನಾನೇ, ಆರು ವರ್ಷ ನಂಗೆ, ಜಗಳದಲ್ಲಿ ಅವನ ಕಿವಿಯ ಕಡುಕು ಹಿಡಿದು ಎಳ್ದುಬಿಟ್ಟೆ, ರಕ್ತ ಅಂದ್ರೆ ರಕ್ತ, ಅವ್ವ ಕೇಳಿದ್ರೆ ಮುಳ್ಳಿಗೆ ಸಿಕ್ಕಿತು ಅಂದ, ಇವತ್ತಿಗೂ ಹಂಗೇ ಅಂತಾನೆ. ನಾಳೆ ಅಳಿಯನಿಗೆ ಇನ್ನೊಂದು ಸಾಲು ಹೇಳಿಕೊಡಬೇಕು, ದೀಪ ಹಚ್ಚುವ ಮೊದಲು ನಿಲ್ಲು, ಮುಖ ದೊಡ್ಡದಾಗಿ ತೋರಿಸು, ಮನೆಯವರು ಹೂಂ ಅಂದ ಮೇಲೆ ಹಚ್ಚು, ಟೀಚರಿಗೆ ಒಂದು ಕೆಜಿ ಜಿಲೇಬಿ, ಅಲ್ಲ ಅರ್ಧ, ಫ್ಲೆಕ್ಸು ಇಳಿಯುತ್ತಿದೆ, ಈಗ ನಡುವಿನ ದೊಡ್ಡ ಮುಖ, ಸೋದರಮಾವನ ಜಾಗ, ಆಳೆತ್ತರದ ಮುಖ, ಹಣೆ, ಹುಬ್ಬು, ಒಚ್ಚಮ್ಮಾಳ್ ನನ್ನ ಪಕ್ಕದಲ್ಲೇ ಬಗ್ಗಿ ನಿಂತಿದ್ದಾಳೆ, ನಾನೂ ಎದ್ದು ಬಗ್ಗಿದೆ, ಕೆನ್ನೆ, ಕಿವಿಯ ಮೇಲಂಚು, ಸರ್ರಕ್, ಕಿವಿಯ ಹಾಲೆ, ಅಂಗೈಯಷ್ಟಗಲ, ನಡುವೆ ಸೀಳು, ಸರ್ರಕ್, ಎರಡು ತುಟಿಯ ಹಾಗೆ ಬಿಟ್ಟುಕೊಂಡಿರುವ ಸೀಳು, ಅದರ ನಡುವೆ ಮಸಿ ತಾಗದ ಬರೀ ಬಿಳಿ, ಹರಿದ ಕಿವಿ, ಸರ್ರಕ್, ಹರಿದ ಕಿವಿ —