ಶ್ರಾವ್ಯಾಳ ಫೋಟೋ ತೆಗೆದವರು ಯಾರು?

ಹೆಣ್ಣುಮಕ್ಕಳ ಫೋಟೋ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುವುದು ಮುಂಬೈಯ ಆಂಟಾಪ್ ಹಿಲ್‌ನ ಬಿಲ್ಡಿಂಗುಗಳಲ್ಲಿ ಹೊಸದೇನಲ್ಲ. ಯಾರೋ ಹಾಕುತ್ತಾರೆ, ಹತ್ತಾರು ಜನ ನಗುತ್ತಾರೆ, ಮುಂದೆ ಕಳಿಸುತ್ತಾರೆ. ಮನೆಯಲ್ಲಿ ಬೈಸಿಕೊಳ್ಳುವವಳು ಮಾತ್ರ ಹುಡುಗಿ.

ಶ್ರಾವ್ಯಾ ಹತ್ತನೆಯ ತರಗತಿಯ ಹುಡುಗಿ. ಅವಳ ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕಳೆದ ಚಳಿಗಾಲದಲ್ಲಿ ತಾಯಿ ಶಿವಕುಮಾರಿ ಗುರುಪಾದನನ್ನು ಮದುವೆಯಾದಳು. ಅವನು ಜೋಗೇಶ್ವರಿಯ ವರ್ಕ್‌ಶಾಪಿನಲ್ಲಿ ಫಿಟರ್. ಅವನ ಮೊದಲ ಹೆಂಡತಿಯೂ ತೀರಿಕೊಂಡಿದ್ದಳು. ಕಾಲೇಜಿಗೆ ಹೋಗುವ ಮಗ ಅಕ್ಷಯನಿದ್ದ, ತಾಯಿ ಗುರುಬಾಯಿ ಇದ್ದಳು. ಒಂದು ರೂಮಿನಲ್ಲಿ ಐದು ಜನ.

ಮಕ್ಕಳೆಲ್ಲ ನೋಡುವ ಒಂದು ಆ್ಯಪಿನಲ್ಲಿ ಶ್ರಾವ್ಯಾಳ ಫೋಟೋ ಬಂತು. ಯಾರದೋ ಸುಳ್ಳು ಹೆಸರಿನ ಖಾತೆ. ಕೆಳಗೆ ಬರೆದಿತ್ತು: ‘ಅವ್ವನ ಲಗ್ನಕ್ಕ ಅಳಾಕ ಬಂದಾಕಿ. ಈಗ ಮಂದಿ ಮನ್ಯಾಗ ಉಣ್ಣಾಕ ಕುಂತಾಳ.’ ಆಮೇಲೆ ದಿನಕ್ಕೊಂದು ಹೊಸ ಮಾತು. ಶಾಲೆಯ ಹುಡುಗರ ಕೈಗೂ ಅದು ಸಿಕ್ಕಿತು. ಶ್ರಾವ್ಯಾ ಶಾಲೆಗೆ ಹೋಗುವುದನ್ನೇ ಬಿಟ್ಟಳು.

“ಟಿಕೆಟ್ ತಗಸೋ ಗುರುಪಾದ,” ಅಂದಳು ಗುರುಬಾಯಿ. “ಹುಡುಗಿ ಬೈಲಹೊಂಗಲದಾಗ ಅವರ ಕಾಕಾನ ಮನ್ಯಾಗ ಇರ್ಲಿ. ಮುಂಜಾನೆ ಕಾಶಿನಾಥನೂ ಫೋನ್ ಮಾಡಿ ಹಂಗ ಅಂದ.”

ಕಾಶಿನಾಥ ಅಕ್ಷಯನ ಸೋದರಮಾವ, ತೀರಿಹೋದ ಅವನ ತಾಯಿಯ ತಮ್ಮ. ದಾದರಿನಲ್ಲಿ ಬಟ್ಟೆ ಅಂಗಡಿ. ಆ ಮನೆಯಲ್ಲಿ ಅವನ ಮಾತಿಗೆ ತೂಕವಿತ್ತು.

“ಪರೀಕ್ಷಾ ಹತ್ರ ಬಂದೈತ್ರಿ ಅತ್ತಿ,” ಅಂದಳು ಶಿವಕುಮಾರಿ.

“ಮಾನ ಹೋದ ಮ್ಯಾಲೆ ಪರೀಕ್ಷಾ ತಗೊಂಡು ಏನ ಉಪ್ಪಿನಕಾಯಿ ಹಾಕ್ತೀ?”

ಶಿವಕುಮಾರಿಯ ಸಿಟ್ಟು ಅಕ್ಷಯನ ಕಡೆ ತಿರುಗಿತು. “ನಾ ಬಂದದ್ದು ನಿನಗ ಸೇರಲಿಲ್ಲ, ಗೊತ್ತೈತಿ. ನನ್ನ ಬೈಬೇಕಿತ್ತು. ಆ ಕೂಸಿನ ಮ್ಯಾಲೆ ಯಾಕೋ?”

“ಮೈನೇ ನಹೀ ಕಿಯಾ, ನಾನಲ್ಲ!” ಅಕ್ಷಯ ತನ್ನ ಫೋನನ್ನು ಹಾಸಿಗೆಯ ಮೇಲೆ ಎಸೆದ. “ನೋಡಿ, ತಗೊಳ್ಳಿ, ಎಲ್ಲಾ ಚೆಕ್ ಮಾಡಿ!”

ಆ ಗಲಾಟೆಗೆ ಮೇಲಿನ ಮಾಳಿಗೆಯ ನಾಗರತ್ನಾ ಇಳಿದು ಬಂದಳು. ಮಹಿಳಾ ಮಂಡಳದವರು ನಡೆಸಿದ್ದ ಸೈಬರ್ ಅಪರಾಧದ ಶಿಬಿರದಲ್ಲಿ ಕೂತು ಬಂದವಳು.

“ಏನ ನಡಸೀರಿ? ಗೇಟಿನ ತನಕ ಕೇಳಾಕತ್ತೈತಿ. ಸ್ಕ್ರೀನ್‌ಶಾಟ್ ತಗದೀರೇನು?”

“ಎಲ್ಲಾ ಅಳಸಿ ಒಗೀರಿ ಅಂದೀನಿ ನಾ,” ಅಂದಳು ಗುರುಬಾಯಿ.

“ಅಳಸಬ್ಯಾಡ್ರಿ ಆಯಿ. ಕಳ್ಳನ ಹೆಜ್ಜಿ ನೀವ ಒರಸಿ ಕೊಟ್ಟಂಗ ಆಕ್ಕೈತಿ. ಶಿವಕ್ಕಾ, ಆ ಫೋಟೋ ಎಲ್ಲಿ ತಗದದ್ದು?”

“ನಾ ನೋಡಿಲ್ಲ.”

ಅದು ನಿಜವೇ. ಫೋಟೋ ಬಂದಾಗಿನಿಂದ ಅವಳು ಅತ್ತಿದ್ದಳು, ಬೈದಿದ್ದಳು, ದೇವರಿಗೆ ಹರಕೆ ಹೊತ್ತಿದ್ದಳು. ಫೋಟೋ ಮಾತ್ರ ನೋಡಿರಲಿಲ್ಲ. ನಾಚಿಕೆ ಅಂತ ತನಗೇ ಹೇಳಿಕೊಂಡಿದ್ದಳು. ಈಗ ನಾಗರತ್ನಾ ಫೋನು ಮುಂದೆ ಹಿಡಿದಾಗ ನೋಡಲೇಬೇಕಾಯಿತು.

ಹೊಸ ಹಸಿರು ಲಂಗ. ಬಾತ ಕಣ್ಣು. ಹಿಂದೆ ದೊಡ್ಡ ಹೂವಿನ ಪರದೆ.

“ಇದು ಮಲ್ಲವ್ವನ ಮನಿ ಪಡದಿ ಅಲ್ಲೇನು? ಯಾವತ್ತಿಂದಿದು?” ಅಂದಳು ಶಿವಕುಮಾರಿ.

“ನಿನ್ನ ಶಾದಿ ದಿನ, ಮಮ್ಮಿ,” ಅಂದಳು ಶ್ರಾವ್ಯಾ.

ಗಂಡ ಸತ್ತವಳ ಮರುಮದುವೆಗೆ ಇವರ ಮಂದಿಯಲ್ಲಿ ಉಡಿಕಿ ಅನ್ನುತ್ತಾರೆ. ತಾಯಿಯ ಉಡಿಕಿಯನ್ನು ಅವಳ ಮೊದಲಿನ ಮಕ್ಕಳು ನೋಡಬಾರದು ಅಂತ ಗುರುಬಾಯಿ ಕಟ್ಟು ಮಾಡಿದ್ದಳು. ಹಾಗಾಗಿ ಶ್ರಾವ್ಯಾಳನ್ನು ಕೆಳಗಿನ ಮಲ್ಲವ್ವನ ಮನೆಯಲ್ಲಿ ಕೂಡಿಸಿದ್ದರು. ಗಂಡಿನ ಮಗನಿಗೆ ಆ ಕಟ್ಟು ಇಲ್ಲ. ಅಕ್ಷಯ ಮೊದಲಿನಿಂದ ಕೊನೆಯತನಕ ಅಪ್ಪನ ಪಕ್ಕದಲ್ಲೇ ನಿಂತಿದ್ದ. ಶಿವಕುಮಾರಿಯೇ ಕಣ್ಣಾರೆ ನೋಡಿದ್ದಳು.

ಅಂದರೆ ಫೋಟೋ ಅವನು ತೆಗೆದದ್ದಲ್ಲ. ಶಿವಕುಮಾರಿಗೆ ಅವನ ಮುಖ ನೋಡಲಾಗಲಿಲ್ಲ.

“ಅಲ್ಲಿ ನಿನ್ನ ಜೋಡಿ ಯಾರಿದ್ರು ಮಗಳ?”

ಶ್ರಾವ್ಯಾ ಅಕ್ಷಯನ ಕಡೆ ಒಮ್ಮೆ ನೋಡಿದಳು. “ಕಾಶಿ ಮಾಮಾ. ಮೇಲೆ ಬಂದು ನೋಡಲ್ಲ ಅಂತ ಅಲ್ಲೇ ಕೂತಿದ್ರು. ನನ್ನ ಫೋಟೋ ತೆಗೆದ್ರು. ಮಮ್ಮಿಗೆ ತೋರಿಸ್ತೀನಿ ಅಂದ್ರು.”

“ಇಷ್ಟ ದಿನ ಯಾಕ ಹೇಳಲಿಲ್ಲ?”

“ನೀನು ಕೇಳಲೇ ಇಲ್ಲ. ನಾನು ಎಲ್ಲಿ ಕೂತಿದ್ದೆ ಅಂತ ಒಂದ್ಸಲನೂ ಕೇಳಿಲ್ಲ. ಹೇಳಿದ್ರೆ ನಿನ್ನ ಘರ್ ಮುರಿದುಹೋಗುತ್ತೆ ಅಂತ ಡರ್ ಆಯ್ತು.”

ಗುರುಪಾದ ಕಾಶಿನಾಥನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಆ ಫೋಟೋ ಹಾಕಿದವನು ನೀನೇ ಏನು ಅಂತ ಕೇಳಿದ. ಆ ಕಡೆಯವನು ಮೊದಲು ನಕ್ಕ.

“ಏನೋ ಚ್ಯಾಷ್ಟಿ ಮಾಡಿದೆ ಭಾವಾ. ನಮ್ಮಕ್ಕನ ಮನ್ಯಾಗ ಯಾರದೋ ಕೂಸು ಯಾಕ? ಅಕಿನ್ನ ಊರಿಗೆ ಕಳಸ್ರಿ, ನಾ ಅಳಸ್ತೀನಿ. ಪೊಲೀಸ ಗಿಲೀಸ ಅಂದ್ರ ನಿಮ್ಮ ಅಕ್ಷಯನ ಕಡೆ ನಾವ್ಯಾರೂ ತಿರುಗಿ ನೋಡೂದಿಲ್ಲ.”

ಶಿವಕುಮಾರಿ ಫೋನು ಕಿತ್ತುಕೊಂಡಳು.

“ಕಾಶಿನಾಥಣ್ಣಾ, ಯಾರದೋ ಕೂಸಲ್ಲ, ನನ್ನ ಮಗಳು. ಎಲ್ಲಿಗೂ ಹೋಗೂದಿಲ್ಲ. ನೀ ಅಳಸಿದ್ರೂ ಕಂಪ್ಲೇಂಟ್ ಕೊಡಾಕಿನ ನಾ.”

“ನಮ್ಮವನ ಅಲ್ಲೇನವಾ ಅವ,” ಗುರುಬಾಯಿ ಗೊಣಗಿದಳು. “ಮನಿ ಮಾತು ಸ್ಟೇಷನ್ನಿಗೆ ಒಯ್ತಾರೇನು?”

“ಮಾತು ಮನ್ಯಾಗ ಎಲ್ಲೈತ್ರಿ ಆಯಿ? ಸಾಲಿ ಹುಡುಗರ ಕೈಯಾಗ ಐತಿ,” ಅಂದಳು ನಾಗರತ್ನಾ.

ಅಕ್ಷಯ ಎದ್ದು ನಿಂತ. “ಆಜಿ, ಅವರು ನನ್ನ ಮಾಮಾ. ನಾನೇ ಹೇಳ್ತೀನಿ, ಕಂಪ್ಲೇಂಟ್ ಕೊಡಿ. ಇಲ್ಲಿ ನಾನು ಚೋರ್ ಆದೆ, ಅವರು ಸುಮ್ಮನಿದ್ರು.”

ಗುರುಬಾಯಿ ಶ್ರಾವ್ಯಾಳನ್ನೇ ನೋಡುತ್ತ ಕೂತಳು. “ಅವತ್ತ ಉಂಡಿದ್ದೇನ ಬೇ?”

“ಇಲ್ಲ ಆಜಿ.”

ಮುದುಕಿ ಗೋಡೆ ಹಿಡಿದು ಎದ್ದಳು. ಸೆರಗು ಸರಿಮಾಡಿಕೊಂಡಳು. “ಅಲ್ಲಿ ಕೂಡಿಸಿದಾಕಿ ನಾನ. ನಡೀರಿ, ಸಾಕ್ಷಿ ಹೇಳಾಕ ನಾನೂ ಬರ್ತೀನಿ. ಟಿಕೆಟ್ ಗಿಕೆಟ್ ಏನ ಬ್ಯಾಡ.”

ಸ್ಟೇಷನ್ನಿನಲ್ಲಿ ತಾವು ಕಂಡದ್ದು, ಕೇಳಿದ್ದು ಅಷ್ಟನ್ನೇ ಹೇಳಿದರು. ಖಾತೆ ಯಾರದು ಅಂತ ಪತ್ತೆಹಚ್ಚುವುದು ಪೊಲೀಸರ ಕೆಲಸ ಅಂತ ನಾಗರತ್ನಾ ಮೊದಲೇ ಎಚ್ಚರಿಸಿದ್ದಳು.

ಸೋಮವಾರ ಶ್ರಾವ್ಯಾ ಶಾಲೆಗೆ ಹೋದಳು. ಗೇಟಿನಲ್ಲಿ ಒಬ್ಬಳು ಫೋನು ತೋರಿಸಿ ಕಿಸಕ್ಕೆಂದಳು. ಶ್ರಾವ್ಯಾ ನಿಂತು ಅವಳನ್ನೇ ನೋಡಿ ಕೇಳಿದಳು: “ಹಾಂ, ಮೇರೀ ಮಮ್ಮಿ ಕೀ ಶಾದಿ ಹುಈ. ಮೈ ರೋಯೀ. ತೋ?”

ಹೌದು, ಅಮ್ಮನ ಮದುವೆಯಾಯಿತು, ನಾನು ಅತ್ತಿದ್ದೆ, ಏನೀಗ ಅಂತ ಕೇಳಿದವಳೇ ಶ್ರಾವ್ಯಾ ತರಗತಿಗೆ ನಡೆದಳು.

ಓದುತ್ತಿರುವ ಅಕ್ಕ, ತಂಗಿಯರೇ, ಇಂಥದ್ದು ನಿಮ್ಮ ಮನೆಗೂ ಬರಬಹುದು. ಬಂದರೆ ಹುಡುಗಿಯ ಶಾಲೆ ಬಿಡಿಸಬೇಡಿ, ಫೋನು ಕಸಿಯಬೇಡಿ. ಮನೆಯಲ್ಲಿ ಯಾರ ಮೇಲೋ ಸುಮ್ಮನೆ ತಪ್ಪು ಹೊರಿಸಬೇಡಿ. ಫೋಟೋ ಹಾಕಿದವರಿಗೆ ಜವಾಬು ಬರೆಯುತ್ತ ಕೂರಬೇಡಿ. ಖಾತೆಯ ಹೆಸರು, ಲಿಂಕು, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಆ್ಯಪಿನಲ್ಲೇ ರಿಪೋರ್ಟ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಹೆಣ್ಣುಮಕ್ಕಳ, ಮಕ್ಕಳ ದೂರಿಗೆ ಬೇರೆ ಜಾಗವಿದೆ. ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಮಕ್ಕಳು ತಾವೇ 1098ಕ್ಕೆ ಫೋನು ಮಾಡಬಹುದು. ಮಾಡಿದವನು ಬಂಧು ಅಂತ ಹಿಂಜರಿಯಬೇಡಿ. ಬಂಧುವಾದವನು ಹೀಗೆ ಮಾಡುತ್ತಿರಲಿಲ್ಲ.

ಇದೆಲ್ಲಕ್ಕಿಂತ ಮೊದಲು ಮಗಳ ಪಕ್ಕದಲ್ಲಿ ಕೂತುಕೊಳ್ಳಿ. ಏನಾಯಿತು ಅಂತ ಕೇಳಿ. ಅವಳು ಹೇಳಿ ಮುಗಿಸುವತನಕ ಏಳಬೇಡಿ.