ಸರಾಸರಿ ಏರಿಸುವ ಉಪಾಯ

ಗಣಿತದ ಒಗಟು ಕೇಳಿ ಎದುರಿನವರ ಬಾಯಿ ಮುಚ್ಚಿಸುವುದು ನನ್ನ ಚಟ. ಅಂಗಿ ಹೊಲಿಯುವ ಕಾರ್ಖಾನೆಯ ಗುಮಾಸ್ತನಿಗೆ ಜಂಬಪಡಲು ಬೇರೇನಿರುತ್ತದೆ? ಒಂದು ದಿನ ಚಹಾದ ಹೊತ್ತಿನಲ್ಲಿ ಮೇಸ್ತ್ರಿಗೆ ಕೇಳಿದೆ: "ಒಬ್ಬರನ್ನ ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸ್ತೀರಿ. ಎರಡೂ ಕೋಣೆಯ ಸರಾಸರಿ ಏರುತ್ತೆ. ಹೇಗೆ ಹೇಳಿ?"

ಆತ ತಲೆ ಕೆರೆದುಕೊಂಡ. ನಾನೇ ಬಿಡಿಸಿ ಹೇಳಿದೆ. ನಮ್ಮ ಮಹಡಿಯ ಮೂವರು ದಿನಕ್ಕೆ ನಲವತ್ತು, ಮೂವತ್ತಾರು, ಇಪ್ಪತ್ತಾರು ಕಾಲರ್ ಹೊಲಿಯುತ್ತಾರೆ, ಸರಾಸರಿ ಮೂವತ್ತನಾಲ್ಕು. ನೆಲಮಾಳಿಗೆಯ ಇಬ್ಬರದು ಇಪ್ಪತ್ತೆರಡು, ಹದಿನೆಂಟು, ಸರಾಸರಿ ಇಪ್ಪತ್ತು. ಇಪ್ಪತ್ತಾರನ್ನು ಕೆಳಗಿಳಿಸಿದರೆ ಮೇಲೆ ಮೂವತ್ತೆಂಟು, ಕೆಳಗೆ ಇಪ್ಪತ್ತೆರಡು. ಆದರೆ ಒಟ್ಟಿನಲ್ಲಿ ಒಂದೇ ಒಂದು ಕಾಲರೂ ಹೆಚ್ಚಾಗಿರುವುದಿಲ್ಲ!

ಈ ಕೊನೆಯ ಮಾತು ಮೇಸ್ತ್ರಿಯ ಕಿವಿಗೆ ಬೀಳಲೇ ಇಲ್ಲ. ಮಹಾಶಯ ಮರುದಿನವೇ ಇಪ್ಪತ್ತಾರನ್ನು ನೆಲಮಾಳಿಗೆಗೆ ಇಳಿಸಿದ. ಇಪ್ಪತ್ತಾರು ಎಂದರೆ ನನ್ನ ಸ್ವಂತ ಅಕ್ಕ.

ಅಕ್ಕನಿಗೆ ಕಣ್ಣು ಮಂಜು. ಮಹಡಿಯ ಕಿಟಕಿಯ ಬೆಳಕಿನಲ್ಲಿ ಹೇಗೋ ನಿಭಾಯಿಸುತ್ತಿದ್ದಳು. ಕೆಳಗಿದ್ದದ್ದು ಮಿಣಮಿಣ ಎನ್ನುವ ಒಂದೇ ಬಲ್ಬು. ಈ ಕೆಲಸ ಹೋದರೆ ಆ ವಯಸ್ಸಿಗೆ, ಆ ಕಣ್ಣಿಗೆ ಇನ್ನೊಂದು ಸಿಗುವುದು ಸುಳ್ಳು.

"ನಿನ್ನ ಒಗಟಿಗೆ ನಾನೇ ಬೇಕಾಗಿತ್ತೇನೋ?" ಎಂದಳು ಮನೆಯಲ್ಲಿ. "ಯಜಮಾನರ ಹತ್ರ ಹೋಗಿ ನಿಜ ಹೇಳೋ."

"ನಾಳೆ ಹೇಳ್ತೀನಕ್ಕ."

ಮರುದಿನ ಯಜಮಾನರೇ ಬಂದರು. ಎರಡೂ ಕೋಣೆಯ ಸರಾಸರಿ ನೋಡಿ ಮೇಸ್ತ್ರಿಯ ಕೈ ಕುಲುಕಿದರು. ಕಾಲರ್ ಎಷ್ಟು ಹೆಚ್ಚಾಯಿತು ಎಂದು ಆ ಪುಣ್ಯಾತ್ಮರೂ ಕೇಳಲಿಲ್ಲ. ನನ್ನ ಬೆನ್ನು ತಟ್ಟಿ, "ಲೆಕ್ಕದ ತಲೆ ಅಂದ್ರೆ ನಿಂದು ಕಣಯ್ಯಾ" ಎಂದರು. ನಾನು ಉಬ್ಬಿಹೋದೆ. ನಿಜ ಹೇಳುವ ಬದಲು ಕೈ ಮುಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಿಂಗಳೊಪ್ಪತ್ತಿನಲ್ಲಿ ಕೆಳಗಿನ ಸರಾಸರಿ ಹದಿನೆಂಟಕ್ಕೆ ಕುಸಿಯಿತು. ಮೇಸ್ತ್ರಿ ನನ್ನ ಮೇಜಿನ ಬಳಿ ಬಂದು ಹಲ್ಲು ಕಿರಿದ.

"ಇವತ್ತು ನಾನು ಕೇಳ್ತೀನಿ. ಇಪ್ಪತ್ತೆರಡು, ಹದಿನೆಂಟು, ಹದಿನಾಲ್ಕು. ಯಾರಿಂದಲೂ ಜಾಸ್ತಿ ಹೊಲಿಸದೆ ಸರಾಸರಿ ಇಪ್ಪತ್ತು ಮಾಡಬೇಕು. ಹೇಗೆ?"

ಇಂಥ ಚಿಲ್ಲರೆ ಲೆಕ್ಕಕ್ಕೆ ನನಗೆ ಯೋಚನೆಯೇ ಬೇಕಾಗಲಿಲ್ಲ.

"ಹದಿನಾಲ್ಕನ್ನ ತೆಗೆದುಹಾಕಿ" ಎಂದೆ.